ಮಲೆನಾಡಿನ ಮಳೆ ದಿನಕ್ಕೊಂದು ಗೇಮ್ ಝೋನ್: ದುಡ್ಡು ಆಟಕ್ಕೆ ಹೋಗಲಿ, ಬೊಂಬೆಗಲ್ಲ

ಜುಲೈ, ಆಗಸ್ಟ್‌ನಲ್ಲಿ ಮಲೆನಾಡು ನೋಡಲು ಬಂದವರ ಒಂದು ದಿನವನ್ನಾದರೂ ಮಳೆ ಕಿತ್ತುಕೊಳ್ಳುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೇ ಸುರಿದು ಮುಗಿಯುತ್ತದೆ. ಆ ದಿನಗಳಲ್ಲಿ ಸೂರ್ಯಾಸ್ತದ ಕಟ್ಟೆ ಹತ್ತಿದರೆ ಸೂರ್ಯನೂ ಇಲ್ಲ, ಕಣಿವೆಯೂ ಇಲ್ಲ. ಜೋಗದಲ್ಲಿ 253 ಮೀಟರ್ ಮೇಲಿಂದ ಶರಾವತಿ ಧುಮುಕುವ ಸದ್ದು ಕೇಳುತ್ತದೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮಂಜಿನ ಹಿಂದೆ. ಬಿಸಿ ಬಜ್ಜಿ ತಿನ್ನುತ್ತಾ ಮಂಜು ಸರಿಯಲೆಂದು ಕಾಯುವುದು ದೊಡ್ಡವರಿಗೆ ಸುಖ, ಎಂಟು ವರ್ಷದ ಮಗುವಿಗಲ್ಲ. ಅಂಥ ದಿನಕ್ಕೆ ಶಿವಮೊಗ್ಗ ನಗರದಲ್ಲಿ, ದುಡ್ಡು ಕೊಟ್ಟು ಮೆಷಿನ್ ಆಟ ಆಡುವ ಗೇಮ್ ಝೋನ್ ಹೊಗುವುದು ಒಳ್ಳೆಯ ಉಪಾಯವೇ. ಆದರೆ ಲೆಕ್ಕವಿಲ್ಲದೆ ಹೋದರೆ ಮುಕ್ಕಾಲು ಗಂಟೆಯಲ್ಲಿ ಎರಡು ಸಾವಿರ ರೂಪಾಯಿ ಕರಗಿ, ಕೈಯಲ್ಲೊಂದು ಕೀಚೈನ್ ಉಳಿಯುತ್ತದೆ.

ಯಾವ ದಿನ, ಯಾವ ಹೊತ್ತು

ದೊಡ್ಡ ಮೆಷಿನ್‌ಗಳೇ ಬೇಕೆಂದರೆ ನಗರವೇ ಸರಿ. ತೀರ್ಥಹಳ್ಳಿ, ಹೊಸನಗರ ಕಡೆಯ ಹೋಮ್‌ಸ್ಟೇಯವರು ‘ಇಂಡೋರ್ ಗೇಮ್ಸ್ ಇದೆ’ ಎಂದರೆ ಸಾಮಾನ್ಯವಾಗಿ ಕೇರಂ, ಚೆಸ್ಸು, ಹೆಚ್ಚೆಂದರೆ ಟೇಬಲ್ ಟೆನ್ನಿಸ್. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ., ಜೋಗದಿಂದ ಸುಮಾರು 100 ಕಿ.ಮೀ. ಆಟಕ್ಕೆಂದೇ ಮಳೆಯಲ್ಲಿ ಅಷ್ಟು ದೂರ ಬಂದು ಹೋಗುವುದು ದಂಡ. ಊರಿಗೆ ಮರಳುವಾಗ ಹೇಗೂ ನಗರ ದಾಟುವ ದಿನವಿರುತ್ತದಲ್ಲ, ಅದಕ್ಕೆ ಜೋಡಿಸಿಕೊಳ್ಳಿ.

ಸಕ್ರೆಬೈಲಿನ ಆನೆ ಬಿಡಾರದ ದಿನ ಇದಕ್ಕೆ ಹೇಳಿ ಮಾಡಿಸಿದ್ದು. ತೀರ್ಥಹಳ್ಳಿ ರಸ್ತೆಯಲ್ಲಿ ನಗರದಿಂದ ಸುಮಾರು 14 ಕಿ.ಮೀ. ದೂರದಲ್ಲಿರುವ ಆ ಜಾಗ ಬೆಳಗಿನದು. ಸ್ನಾನ, ಮೇವು ಮುಗಿದ ಮೇಲೆ ಆನೆಗಳನ್ನು ಕಾಡಿಗೆ ಬಿಡುತ್ತಾರೆ, ಹನ್ನೊಂದರ ನಂತರ ನೋಡಲು ಹೆಚ್ಚೇನೂ ಉಳಿಯುವುದಿಲ್ಲ. ಅಲ್ಲಿಂದ ನೇರ ಬಂದರೆ ಹನ್ನೆರಡಕ್ಕೆ ಗೇಮ್ ಝೋನ್ ಬಾಗಿಲಲ್ಲಿರುತ್ತೀರಿ. ವಾರದ ದಿನಗಳಲ್ಲಿ ಹನ್ನೊಂದರಿಂದ ಎರಡರವರೆಗೆ ಇಂಥ ಜಾಗಗಳು ಬಹುಮಟ್ಟಿಗೆ ಖಾಲಿ. ಸಂಜೆ ಐದರ ಮೇಲೆ, ಅದರಲ್ಲೂ ಭಾನುವಾರ, ಒಂದೊಂದು ಮೆಷಿನ್‌ಗೂ ಸರದಿ. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ಮಳೆ ರಜೆ ಘೋಷಿಸಿದ ದಿನವಂತೂ ಊರಿನ ಮಕ್ಕಳಿಗೂ ಇದೇ ಯೋಚನೆ ಬಂದಿರುತ್ತದೆ. ಆ ದಿನ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ.

ಹೊರಡುವ ಮುನ್ನ ಫೋನ್ ಮಾಡಿ. ತೆರೆದಿದೆಯೇ ಎಂದು ಕೇಳಿ ಸುಮ್ಮನಾಗಬೇಡಿ. ಜನರೇಟರ್ ಇದೆಯೇ, ಯಾವ ದೊಡ್ಡ ಮೆಷಿನ್ ಕೆಟ್ಟಿದೆ, ಆಟದ ಕಾರ್ಡಿಗೆ ವಾರದ ದಿನದ ರೀಚಾರ್ಜ್ ಆಫರ್ ಏನು, ಒಂದಕ್ಕೊಂದು ಗುದ್ದಿಸಿ ಆಡುವ ಡ್ಯಾಶಿಂಗ್ ಕಾರಿಗೆ ಎತ್ತರದ ಮಿತಿ ಎಷ್ಟು, ಹೇಳಿದ ಬೆಲೆಯಲ್ಲಿ ಜಿಎಸ್‌ಟಿ ಸೇರಿದೆಯೇ ಎಂದೂ ಕೇಳಿ. ಕೆಟ್ಟ ಮೆಷಿನ್ ಯಾವುದೆಂದು ಕೇಳಿದರೆ ಆ ಕಡೆಯವರು ಒಂದು ಕ್ಷಣ ತಡವರಿಸುತ್ತಾರೆ, ಆಮೇಲೆ ಸಾಮಾನ್ಯವಾಗಿ ನಿಜವನ್ನೇ ಹೇಳುತ್ತಾರೆ.

ಒದ್ದೆ ಕಾಲಿನ ವಿಚಾರ

ಮಕ್ಕಳ ಸಾಫ್ಟ್ ಪ್ಲೇ (ಮೆತ್ತನೆಯ ಆಟದ ಜಾಗ) ಮತ್ತು ಮೇಲಕ್ಕೆ ಜಿಗಿದು ಆಡುವ ಟ್ರ್ಯಾಂಪೊಲಿನ್‌ಗೆ ಸಾಕ್ಸ್ ಇಲ್ಲದೆ ಬಿಡುವುದಿಲ್ಲ, ಒದ್ದೆ ಸಾಕ್ಸ್ ಹಾಕಿ ಬಿಟ್ಟರೆ ಜಾರುತ್ತದೆ. ತಲೆಗೊಂದು ಜೊತೆ ಒಣ ಸಾಕ್ಸ್ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟುಕೊಳ್ಳಿ. ಇಲ್ಲವಾದರೆ ಕೌಂಟರಿನಲ್ಲಿ ಅಂಗಡಿಗಿಂತ ಹೆಚ್ಚು ಬೆಲೆ ಕೊಟ್ಟು ಕೊಳ್ಳಬೇಕಾಗುತ್ತದೆ. ಬೆಳಗ್ಗೆ ಕಾಡು, ತೋಟ ಸುತ್ತಿ ಬಂದಿದ್ದರೆ ಒಳಗೆ ಬಿಡುವ ಮುಂಚೆ ಮಕ್ಕಳ ಹಿಮ್ಮಡಿ, ಬೆರಳ ಸಂದು, ಮೊಣಕಾಲಿನ ಹಿಂಭಾಗ ನೋಡಿ. ಇಂಬಳ (ಜಿಗಣೆ) ಕಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ, ಸಾಫ್ಟ್ ಪ್ಲೇಯ ಬಣ್ಣದ ಚೆಂಡುಗಳ ಮಧ್ಯೆ ರಕ್ತ ಕಂಡರೆ ಅಲ್ಲಿನವರು ಗಾಬರಿಯಾಗುತ್ತಾರೆ. ಒಂದು ಸಣ್ಣ ಟವೆಲ್ ಇರಲಿ. ಒದ್ದೆ ಕೈಯಲ್ಲಿ ಸ್ಟೀರಿಂಗ್ ಜಾರುತ್ತದೆ, ಗಾಳಿಯಲ್ಲಿ ಬಿಲ್ಲೆ ತೇಲಿಸಿ ಆಡುವ ‘ಏರ್ ಹಾಕಿ’ಯ ಹಲಗೆಯ ಮೇಲೆ ಒದ್ದೆ ತೋಳು ಉಜ್ಜಿದರೆ ಆ ಪಟ್ಟಿಯಲ್ಲಿ ಪಕ್ (ಆ ಬಿಲ್ಲೆ) ಎಳೆದಂತೆ ನಿಧಾನವಾಗುತ್ತದೆ.

ಒಳಗೆ ಹೋದ ಕೂಡಲೇ ಮಗುವಿನ ಒಂದು ಫೋಟೊ ತೆಗೆದುಕೊಳ್ಳಿ. ಬರುವಾಗ ಹಳದಿ ರೇನ್‌ಕೋಟ್ ಇತ್ತು, ಈಗ ಅದು ಕಾರಿನಲ್ಲಿದೆ. ಮಗು ಕಣ್ತಪ್ಪಿದರೆ ಸಿಬ್ಬಂದಿಗೆ ಯಾವ ಬಣ್ಣದ ಅಂಗಿ ಎಂದು ಹೇಳಲು ಅಪ್ಪಂದಿರು ತಡಕಾಡುತ್ತಾರೆ. ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇಡಿ, ದಾರಿ ತಪ್ಪಿದರೆ ಕಾರ್ಡ್ ಕೌಂಟರಿನ ಮುಂದೆ ಬಂದು ನಿಲ್ಲಬೇಕೆಂದು ಮೊದಲೇ ಹೇಳಿ.

ಕಾರ್ಡ್ ಮತ್ತು ನಿಮಿಷದ ಲೆಕ್ಕ

ಟೋಕನ್ ಕಾಲ ಬಹುತೇಕ ಮುಗಿದಿದೆ. ಈಗ ಕಾರ್ಡ್ ಕೊಂಡು, ದುಡ್ಡು ತುಂಬಿಸಿ, ಮೆಷಿನ್‌ನ ರೀಡರ್‌ಗೆ ಮುಟ್ಟಿಸಬೇಕು. ಕಾರ್ಡಿನಲ್ಲಿ ರೂಪಾಯಿಯ ಬದಲು ಪಾಯಿಂಟ್ ತೋರಿಸುವುದರಲ್ಲಿ ಒಂದು ಜಾಣತನವಿದೆ: ರೂಪಾಯಿಗೆ ಒಂದರಂತೆ ಇಲ್ಲದಿದ್ದರೆ ಖರ್ಚು ಎಷ್ಟಾಯಿತೆಂದು ತಲೆಗೆ ಹತ್ತುವುದಿಲ್ಲ. ಕೌಂಟರಿನಲ್ಲೇ ‘ಒಂದು ಪಾಯಿಂಟ್‌ಗೆ ಎಷ್ಟು ರೂಪಾಯಿ’ ಎಂದು ಕೇಳಿಕೊಳ್ಳಿ. ಕಾರ್ಡಿನ ಬೆಲೆ ವಾಪಸ್ ಬರುತ್ತದೆಯೇ, ಉಳಿದ ಬ್ಯಾಲೆನ್ಸ್ ಎಷ್ಟು ದಿನ ನಿಲ್ಲುತ್ತದೆ, ಬೋನಸ್ ಪಾಯಿಂಟ್ ಎಲ್ಲ ಮೆಷಿನ್‌ಗೂ ನಡೆಯುತ್ತದೆಯೇ ಎಂಬುದೂ ಅಲ್ಲೇ ಗೊತ್ತಾಗಬೇಕು. ಪ್ರವಾಸಕ್ಕೆ ಬಂದವರು ‘2,000ಕ್ಕೆ 1,000 ಬೋನಸ್’ ಎಂಬ ಮಾತಿಗೆ ಮರುಳಾಗಬಾರದು. ಅದು ತಿಂಗಳಿಗೆ ನಾಲ್ಕು ಸಲ ಬರುವ ಊರಿನವರಿಗೆ ಲಾಭ.

ದೊಡ್ಡವರಿಗೆಲ್ಲ ಸೇರಿ ಒಂದು ಕಾರ್ಡ್ ಸಾಕು. ಇಬ್ಬರು ಮಕ್ಕಳಿದ್ದರೆ ಇಬ್ಬರಿಗೂ ಬೇರೆ ಬೇರೆ ಕೊಡಿ, ಸಮನಾಗಿ ತುಂಬಿಸಿ. ಇಲ್ಲವಾದರೆ ಅಣ್ಣ ಬ್ಯಾಲೆನ್ಸ್ ಮುಗಿಸಿಬಿಟ್ಟ ಎಂಬ ಜಗಳ ಲಾಡ್ಜಿನವರೆಗೂ ಬರುತ್ತದೆ. ಯುಪಿಐ ಮೇಲೆಯೇ ಭರವಸೆ ಇಡಬೇಡಿ. ಮಾಲ್‌ಗಳ ಒಳಗೆ ಸಿಗ್ನಲ್ ಸಿಗದಿರಬಹುದು, ಜೋರು ಮಳೆಯ ದಿನ ನೆಟ್‌ವರ್ಕ್ ಇನ್ನೂ ಕೆಡುತ್ತದೆ. ಒಂದಷ್ಟು ನೋಟು ಕೈಯಲ್ಲಿರಲಿ.

ಇನ್ನು ಮುಖ್ಯ ಲೆಕ್ಕ. ಯಾವ ಮೆಷಿನ್ ಅಗ್ಗ ಎಂದು ನೋಡುವುದಲ್ಲ, ಒಂದು ನಿಮಿಷದ ಆಟಕ್ಕೆ ಎಷ್ಟು ಬೀಳುತ್ತದೆ ಎಂದು ನೋಡುವುದು. ಉದಾಹರಣೆಗೆ, ಏರ್ ಹಾಕಿಗೆ 120 ರೂಪಾಯಿ ಎನ್ನೋಣ. ದುಬಾರಿ ಎನಿಸುತ್ತದೆ, ಆದರೆ ಇಬ್ಬರು ಸೇರಿ ನಾಲ್ಕು ನಿಮಿಷ ಆಡುತ್ತಾರೆ. ತಲೆಗೆ ನಿಮಿಷಕ್ಕೆ 15 ರೂಪಾಯಿ. ಬೊಂಬೆ ಹಿಡಿಯುವ ಮೆಷಿನ್‌ಗೆ 50 ರೂಪಾಯಿ ಎನ್ನೋಣ. ಅಗ್ಗವಾಗಿ ಕಾಣುತ್ತದೆ, ಆದರೆ ಇಪ್ಪತ್ತೈದು ಸೆಕೆಂಡಿಗೆ ಮುಗಿಯುತ್ತದೆ, ಅಂದರೆ ನಿಮಿಷಕ್ಕೆ 120. ಹೀಗೆ ಲೆಕ್ಕ ಹಾಕಿದರೆ ಇಬ್ಬರು ಕೂಡಿ ಆಡುವ ಆಟಗಳು ಸಾಮಾನ್ಯವಾಗಿ ಲಾಭ, ಬಹುಮಾನಕ್ಕೆ ಬದಲಿಸಿಕೊಳ್ಳುವ ಟಿಕೆಟ್ ಕೊಡುವ ಮೆಷಿನ್‌ಗಳು ಸಾಮಾನ್ಯವಾಗಿ ನಷ್ಟ. ಮೊದಲ ಹತ್ತು ನಿಮಿಷ ಯಾವುದಕ್ಕೂ ಕಾರ್ಡ್ ಮುಟ್ಟಿಸದೆ ಒಂದು ಸುತ್ತು ಹಾಕಿ, ಬೇರೆಯವರು ಆಡುವುದನ್ನು ನೋಡಿ, ಮಕ್ಕಳಿಂದಲೇ ನಾಲ್ಕು ಆಟ ಆರಿಸಿ. ಮಕ್ಕಳು ಗೊಣಗುತ್ತಾರೆ, ಗೊಣಗಲಿ.

ಮೆಷಿನ್‌ಗಳ ಒಳಗುಟ್ಟು

ಕಾರ್ ರೇಸ್. ಸೀಟಿನ ಕೆಳಗೆ ಅಥವಾ ಪಕ್ಕದಲ್ಲಿ ಹಿಡಿ ಇರುತ್ತದೆ. ಕಾರ್ಡ್ ಮುಟ್ಟಿಸುವ ಮುಂಚೆಯೇ ಸೀಟು ಮುಂದಕ್ಕೆ ಎಳೆದುಕೊಳ್ಳಿ, ಆಮೇಲೆ ಮೆಷಿನ್ ಕಾಯುವುದಿಲ್ಲ. ಅಕ್ಕ ತಮ್ಮ ಜೊತೆಯಾಗಿ ಓಡಿಸಬೇಕೆಂದರೆ ಮೊದಲು ಇಬ್ಬರ ಕಾರ್ಡ್ ಮುಟ್ಟಿಸಿ, ಆಮೇಲೆ ಒಬ್ಬರು ಸ್ಟಾರ್ಟ್ ಒತ್ತಬೇಕು. ಪರದೆಯಲ್ಲಿ ಸೆಕೆಂಡ್ ಎಣಿಕೆ ಮುಗಿಯುವುದರೊಳಗೆ ಇನ್ನೊಬ್ಬರೂ ಒತ್ತಬೇಕು. ಇದು ತಪ್ಪಿದರೆ ಇಬ್ಬರೂ ಬೇರೆ ಬೇರೆ ರೇಸಿನಲ್ಲಿ ಒಂಟಿಯಾಗಿ ಓಡುತ್ತಾರೆ, ದುಡ್ಡು ಅಷ್ಟೇ, ಮಜಾ ಅರ್ಧ. ಗೇರ್ ಆಯ್ಕೆ ಬಂದಾಗ ಆಟೊಮ್ಯಾಟಿಕ್ ಒತ್ತಿ. ಚೆಕ್‌ಪಾಯಿಂಟ್ ದಾಟಿದಾಗಷ್ಟೇ ಸಮಯ ಸೇರುವ ಆಟಗಳಲ್ಲಿ ಮೊದಲ ಸ್ಥಾನಕ್ಕಿಂತ ಗೋಡೆಗೆ ಗುದ್ದದಿರುವುದು ಮುಖ್ಯ. ತಿರುವಿನಲ್ಲಿ ಬ್ರೇಕ್ ತುಳಿಯುವ ಬದಲು ಎಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಬಹುಪಾಲು ತಿರುವು ಮುಗಿದುಹೋಗುತ್ತದೆ. ಪೆಡಲ್‌ಗೆ ಕಾಲು ಎಟುಕದ ಚಿಕ್ಕವರನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ: ಸ್ಟೀರಿಂಗ್ ಅವರದ್ದು, ಪೆಡಲ್ ನಿಮ್ಮದು.

ಏರ್ ಹಾಕಿ ನಮ್ಮ ಮಟ್ಟಿಗೆ ಇಡೀ ಜಾಗದ ಅತ್ಯುತ್ತಮ ಆಟ. ಅಜ್ಜಿಯೂ ಆಡಬಹುದು, ಗೆಲ್ಲಲೂಬಹುದು. ಹಲಗೆಯ ಸಣ್ಣ ತೂತುಗಳಿಂದ ಗಾಳಿ ಬಂದು ಪಕ್ ತೇಲುತ್ತದೆ. ಪಕ್ ಹೊಡೆಯುವ ಹಿಡಿಯನ್ನು ಮೇಲಿನಿಂದ ಮುಷ್ಟಿಯಲ್ಲಿ ಒತ್ತಿ ಹಿಡಿದರೆ ಕೈ ಭಾರವಾಗಿ ನಿಧಾನವಾಗುತ್ತದೆ, ಗುಬುಟಿನ ಹಿಂದೆ ಬೆರಳ ತುದಿ ಇಟ್ಟು ಮಣಿಕಟ್ಟಿನಿಂದ ತಿರುಗಿಸಿ. ಗೋಲಿನ ಬಾಯಿಗೆ ಅಂಟಿಕೊಂಡು ನಿಲ್ಲುವುದು ಹೊಸಬರ ತಪ್ಪು. ಒಂದು ಗೇಣಿಗಿಂತ ಸ್ವಲ್ಪ ಮುಂದೆ, ನಟ್ಟನಡುವೆ ಹಿಡಿ ಇಟ್ಟರೆ ಎರಡೂ ಮೂಲೆ ಮುಚ್ಚುತ್ತದೆ, ಗೋಡೆಗೆ ಬಡಿದು ಬರುವ ಹೊಡೆತಕ್ಕೆ ಮಾತ್ರ ಹಿಂದಕ್ಕೆ ಎಳೆದರಾಯಿತು. ಸಾಮಾನ್ಯವಾಗಿ ಏಳು ಗೋಲಿಗೋ ನಿಗದಿತ ಸಮಯಕ್ಕೋ ಆಟ ಮುಗಿಯುತ್ತದೆ, ಗಾಳಿ ನಿಲ್ಲುತ್ತದೆ. ಚಿಕ್ಕ ಮಕ್ಕಳು ಎಡಗೈಯನ್ನು ಅಂಚಿನ ಮೇಲೆ ಊರಿ ನಿಲ್ಲುತ್ತಾರೆ, ಪಕ್ ನೇರ ಬೆರಳಿಗೆ ಬಡಿಯುತ್ತದೆ. ಆ ಕೈ ಬೆನ್ನ ಹಿಂದೆ ಇರಲಿ.

ಬಾಸ್ಕೆಟ್‌ಬಾಲ್‌ನಲ್ಲಿ ಗುರಿಗಿಂತ ಲಯ ದೊಡ್ಡದು. ನಿಂತ ಜಾಗ ಬದಲಿಸದೆ, ಒಂದೇ ಎತ್ತರಕ್ಕೆ, ಕಮಾನಿನಂತೆ ಎಸೆಯುತ್ತಾ ಹೋಗಿ. ಹಿಂದಿನ ಚೆಂಡು ಬಿತ್ತೇ ಎಂದು ನೋಡುತ್ತಾ ನಿಂತರೆ ಎರಡು ಚೆಂಡಿನ ಸಮಯ ಹೋಗುತ್ತದೆ. ಕೆಲವು ಮೆಷಿನ್‌ಗಳಲ್ಲಿ ಕೊನೆಯ ಸೆಕೆಂಡುಗಳ ಬುಟ್ಟಿಗೆ ಹೆಚ್ಚು ಅಂಕ, ನಿಗದಿತ ಸ್ಕೋರ್ ದಾಟಿದರೆ ಇನ್ನೊಂದು ರೌಂಡ್ ಉಚಿತ.

ಡ್ಯಾಶಿಂಗ್ ಕಾರ್ ಮೂಲೆಗೆ ಸಿಕ್ಕಿಕೊಂಡಾಗ ಎಲ್ಲರೂ ಸ್ಟೀರಿಂಗನ್ನು ಆಚೀಚೆ ಅಲುಗಾಡಿಸುತ್ತಾರೆ. ಹಳೆಯ ಬಗೆಯ ಕಾರುಗಳಲ್ಲಿ ಒಂದೇ ಕಡೆಗೆ ತಿರುಗಿಸುತ್ತಲೇ ಹೋಗಬೇಕು. ಓಡಿಸುವ ಚಕ್ರವೇ ಪೂರ್ತಿ ಹಿಂದಕ್ಕೆ ತಿರುಗಿ ಕಾರು ಹಿಮ್ಮುಖವಾಗಿ ಹೊರಬರುತ್ತದೆ. ಎರಡು ಹಿಡಿಗಳಿರುವ ಹೊಸ ಬ್ಯಾಟರಿ ಕಾರುಗಳಲ್ಲಿ ಎರಡನ್ನೂ ಹಿಂದಕ್ಕೆ ಎಳೆದರೆ ಸಾಕು. ಬಸುರಿಯರು, ಬೆನ್ನು ಕತ್ತಿನ ತೊಂದರೆ ಇರುವವರು ಇದರಲ್ಲಿ ಕೂರಬಾರದು.

ಗನ್ ಗೇಮ್‌ಗಳಲ್ಲಿ ಕಾಲಿನ ಹತ್ತಿರ ಪೆಡಲ್ ಇದೆಯೇ ನೋಡಿ. ಇದ್ದರೆ ಅದನ್ನು ತುಳಿದಾಗ ಮರೆಯಿಂದ ಹೊರಬರುತ್ತೀರಿ, ಬಿಟ್ಟಾಗ ಅಡಗುತ್ತೀರಿ, ಗುಂಡೂ ತುಂಬುತ್ತದೆ. ಪೆಡಲ್ ಇಲ್ಲದ ಹಳೆಯ ಆಟಗಳಲ್ಲಿ ಪರದೆಯ ಹೊರಗೆ ಗುರಿಯಿಟ್ಟು ಹೊಡೆದರೆ ಗುಂಡು ತುಂಬುತ್ತದೆ. ಗನ್ ತೋರಿಸಿದ ಕಡೆಗೂ ಪರದೆಯ ಗುರುತಿಗೂ ಬೆರಳಗಲ ವ್ಯತ್ಯಾಸವಿದ್ದರೆ ನಿಮ್ಮ ಕೈ ಸರಿಯಾಗಿಯೇ ಇದೆ, ಮೆಷಿನ್ ಹೊಂದಿಸಬೇಕಿದೆ. ಆಡುವ ಮೊದಲೇ ಸಿಬ್ಬಂದಿಯನ್ನು ಕರೆಯಿರಿ. ದೆವ್ವ, ಹೆಣ ಬೆನ್ನಟ್ಟುವ ಆಟಗಳನ್ನು ಆರೇಳು ವರ್ಷದವರಿಗೆ ಬೇಡವೆನ್ನಿ. ರಾತ್ರಿ ಕಾಡಂಚಿನ ಹೋಮ್‌ಸ್ಟೇಯಲ್ಲಿ ಮಲಗುವವರು ನೀವು.

ಇಂಥ ಆಟಗಳಲ್ಲಿ ದುಡ್ಡು ಸೋರುವುದು ಒಂದೇ ಕಡೆ: ಸೋತ ಕೂಡಲೇ ಪರದೆಯ ಮೇಲೆ ‘ಮುಂದುವರಿಸುವಿರಾ’ ಎಂದು ಹತ್ತರಿಂದ ಕೆಳಗೆ ಎಣಿಕೆ ಶುರುವಾಗುತ್ತದೆ. ಮೊದಲ ಹಂತದ ಕೊನೆಯಲ್ಲಿ ಬರುವ ದೊಡ್ಡ ಶತ್ರುವಿನ ಹತ್ತಿರ ಬಹುಪಾಲು ಮಂದಿ ಸೋಲುತ್ತಾರೆ. ಅಲ್ಲಿಂದ ಮುಂದೆ ಆಟ ಕಷ್ಟವಾಗುತ್ತಾ ಹೋಗಿ, ಪ್ರತಿ ಕಾರ್ಡ್ ಮುಟ್ಟಿಸುವಿಕೆಗೂ ಸಿಗುವ ನಿಮಿಷ ಕಡಿಮೆಯಾಗುತ್ತದೆ. ಮತ್ತೆ ಕಾರ್ಡ್ ಮುಟ್ಟಿಸದೆ ಎಣಿಕೆ ಸೊನ್ನೆಗೆ ಬರಲಿ ಎಂಬುದನ್ನು ಒಳಗೆ ಕಾಲಿಡುವ ಮೊದಲೇ ಒಪ್ಪಂದ ಮಾಡಿಕೊಳ್ಳಿ.

ಪರದೆಯ ಬಾಣಕ್ಕೆ ತಕ್ಕಂತೆ ಕಾಲಡಿಯ ಬಾಣ ತುಳಿಯುವ ಡ್ಯಾನ್ಸ್ ಮೆಷಿನ್ 1998ರಲ್ಲಿ ಜಪಾನಿನ ಕೊನಾಮಿ ಕಂಪನಿಯಿಂದ ಬಂದದ್ದು, ನಾಲ್ಕು ಬಾಣಗಳದ್ದು. ಐದು ಮೆಟ್ಟುಹಲಗೆಗಳ ಕೊರಿಯಾದ ಬಗೆ ಮರುವರ್ಷದ್ದು. ಹೊಸಬರು ಪ್ರತಿ ಹೆಜ್ಜೆಗೂ ನಡುವಿಗೆ ಮರಳಿ ಬೇಗ ಸುಸ್ತಾಗುತ್ತಾರೆ. ಬಾಣದ ಮೇಲೆಯೇ ಕಾಲು ಬಿಟ್ಟರೆ ಅಂಕ ಕಡಿತವಾಗುವುದಿಲ್ಲ. ಮಳೆಯಲ್ಲಿ ನೆನೆದ ಚಪ್ಪಲಿಯಲ್ಲಿ ಹತ್ತಬೇಡಿ.

ಎಲ್ಲಾದರೂ ಮೂಲೆಯಲ್ಲಿ 1980ರ ಪ್ಯಾಕ್‌ಮ್ಯಾನ್ (ದೆವ್ವಗಳಿಂದ ತಪ್ಪಿಸಿಕೊಂಡು ಚುಕ್ಕಿ ತಿನ್ನುವ ಆಟ) ಕಂಡರೆ ಅಪ್ಪ ಅಮ್ಮಂದಿರು ಬಿಡಬೇಡಿ. ಅತಿ ಅಗ್ಗದ ಮೆಷಿನ್ ಸಾಮಾನ್ಯವಾಗಿ ಅದೇ. ಪಕ್ಕದ ಸುರಂಗದೊಳಗೆ ದೆವ್ವಗಳು ನಿಧಾನವಾಗುತ್ತವೆ, ತಿರುವುಗಳಲ್ಲಿ ನೀವು ಸ್ವಲ್ಪ ಮುಂದಾಗುತ್ತೀರಿ. ಇವೆರಡು ನೆನಪಿದ್ದರೆ ಮಕ್ಕಳ ಎದುರು ಮಾನ ಉಳಿಯುತ್ತದೆ.

ಬೊಂಬೆ ಮೆಷಿನ್, ಟಿಕೆಟ್

ಗಾಜಿನ ಪೆಟ್ಟಿಗೆಯ ಉಕ್ಕಿನ ಬೆರಳುಗಳಿಗೆ ಎಷ್ಟು ಬಿಗಿ ಇರಬೇಕೆಂದು ನಡೆಸುವವರು ಒಳಗಿನಿಂದ ಹೊಂದಿಸಬಹುದು. ಹಲವು ಮೆಷಿನ್‌ಗಳಲ್ಲಿ ಇಂತಿಷ್ಟು ಆಟಕ್ಕೊಮ್ಮೆ ಮಾತ್ರ ಪೂರ್ತಿ ಬಿಗಿ ಬರುವಂತೆ ಇಡಲಾಗುತ್ತದೆ. ಉಳಿದ ಸಲ ಬೊಂಬೆ ಎತ್ತಿ, ಅರ್ಧ ದಾರಿಯಲ್ಲಿ ಬೀಳಿಸುತ್ತದೆ. ಕೈಚಳಕವಿಲ್ಲವೆಂದು ಮಗು ಅಳಬೇಕಿಲ್ಲ. ಆಡಲೇಬೇಕೆಂದರೆ ಬೀಳುವ ಕಿಂಡಿಯ ಪಕ್ಕದಲ್ಲಿ, ಮೇಲೆ ಸಡಿಲವಾಗಿ ಬಿದ್ದಿರುವ ಬೊಂಬೆಯನ್ನು ಆರಿಸಿ. ಎಷ್ಟೇ ಚೆಂದವಿದ್ದರೂ ಉಳಿದವುಗಳ ನಡುವೆ ಸಿಕ್ಕಿಕೊಂಡದ್ದು ಬೇಡ. ಮುಂದಿನಿಂದ ನೋಡಿದರೆ ಎಡ ಬಲ ಗೊತ್ತಾಗುತ್ತದೆ, ಹಿಂದು ಮುಂದು ಗೊತ್ತಾಗುವುದಿಲ್ಲ. ಒಬ್ಬರು ಪಕ್ಕದ ಗಾಜಿನ ಬಳಿ ನಿಂತು ‘ಇನ್ನೂ ಒಳಗೆ, ಸಾಕು’ ಎಂದು ಹೇಳಲಿ. ತಲೆಗೆ ಮೂರೇ ಸಲ. ಅಂಥದ್ದೇ ಬೊಂಬೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಚೌಕಾಶಿ ಮಾಡಿ ಕೊಳ್ಳಬಹುದು.

ಟಿಕೆಟ್‌ಗೂ ಇದೇ ಮಾತು. ಬಹುಮಾನದ ಕಪಾಟಿಗೆ ಮೊದಲೇ ಹೋಗಿ ಪೆನ್ಸಿಲ್‌ಗೆ ಎಷ್ಟು, ಚೆಂಡಿಗೆ ಎಷ್ಟು ಎಂದು ನೋಡಿ, ಒಂದು ಆಟಕ್ಕೆ ಸಿಗುವ ಟಿಕೆಟ್‌ನಿಂದ ಭಾಗಿಸಿ. ಹತ್ತು ರೂಪಾಯಿಯ ಪೆನ್ಸಿಲ್‌ಗೆ ನೂರು ಇನ್ನೂರು ರೂಪಾಯಿ ಬೀಳುವುದು ಅಪರೂಪವಲ್ಲ. ಸುತ್ತುವ ದೀಪವನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಆಟಗಳೂ ಒಳಗಿನಿಂದ ಹೊಂದಿಸಬಹುದಾದವೇ.

ಘಾಟಿ ಹತ್ತಿದ ಹೊಟ್ಟೆ, ವಿಆರ್ ಹಾಕಿದ ಕಣ್ಣು

ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಹತ್ತಿ ಬಂದ ದಿನ ಕಣ್ಣ ಮುಂದೆ ಕೃತಕ ಲೋಕ ತೋರಿಸುವ ವಿಆರ್ ಕನ್ನಡಕ, ಅಲುಗಾಡುವ ಕುರ್ಚಿ ಎರಡನ್ನೂ ಕೈಬಿಡಿ. ಘಾಟಿಯಲ್ಲಿ ದೇಹ ಓಲಾಡುತ್ತದೆ, ಕಣ್ಣು ಕಾರಿನ ಒಳಗೇ ಇರುತ್ತದೆ. ವಿಆರ್‌ನಲ್ಲಿ ಕಣ್ಣು ಓಡುತ್ತದೆ, ದೇಹ ಕೂತಿರುತ್ತದೆ. ಎರಡರಲ್ಲೂ ಕಿವಿಯೊಳಗಿನ ಸಮತೋಲನಕ್ಕೂ ಕಣ್ಣಿಗೂ ತಾಳೆಯಾಗದೆ ವಾಕರಿಕೆ ಬರುತ್ತದೆ, ಒಂದರ ಮೇಲೊಂದು ಬಿದ್ದರೆ ವಾಂತಿ ಖಂಡಿತ ಎಂದೇ ಇಟ್ಟುಕೊಳ್ಳಿ. ಆಕಳಿಕೆ, ತಣ್ಣನೆಯ ಬೆವರು, ಮುಖ ಬಿಳಚುವುದು ಮೊದಲ ಸೂಚನೆ. ಆಗಲೇ ಕನ್ನಡಕ ತೆಗೆಸಿ, ದೂರದ ಒಂದು ಸ್ಥಿರ ವಸ್ತು ನೋಡಲು ಹೇಳಿ. ಊಟವಾಗಿ ಒಂದು ಗಂಟೆಯಾದರೂ ಬಿಟ್ಟು ಆಡಿ. ಹೆಡ್‌ಸೆಟ್ ತಯಾರಿಸುವವರು ಕನಿಷ್ಠ ವಯಸ್ಸು 10 ಎಂದೋ 12, 13 ಎಂದೋ ಹಾಕಿರುತ್ತಾರೆ, ಅಲ್ಲಿಯ ಹುಡುಗ ‘ಏನೂ ಆಗಲ್ಲ ಸರ್’ ಎಂದರೂ ಐದು ವರ್ಷದ ಮಗುವಿಗೆ ಹಾಕಿಸಬೇಡಿ. ಹಾಕುವ ಮುಂಚೆ ಮುಖಕ್ಕೆ ತಾಗುವ ಸ್ಪಂಜನ್ನು ಒರೆಸಿ ಕೊಡಲು ಹೇಳಿ.

ಮೂರ್ಛೆರೋಗದ ಹಿನ್ನೆಲೆ ಇರುವವರು ಮಿಂಚುವ ದೀಪಗಳ ಆಟಗಳಿಂದ ದೂರವಿರಬೇಕು. ಸೆಕೆಂಡಿಗೆ 3ರಿಂದ 30 ಸಲ ಮಿಂಚುವ ಬೆಳಕು ಕೆಲವರಲ್ಲಿ ಸೆಳವು ತರಿಸಬಲ್ಲದು. ಸದ್ದು ಎಲ್ಲರಿಗೂ ದಣಿವು ತರುತ್ತದೆ, ಎರಡು ತಾಸು ಕಳೆದ ಮೇಲೆ ಮಕ್ಕಳ ಹಟ ಹೆಚ್ಚಲು ಅದೂ ಒಂದು ಕಾರಣ. ಅಜ್ಜ ಅಜ್ಜಿ ಫುಡ್ ಕೋರ್ಟಿನಲ್ಲಿ ಕಾಫಿ ಹಿಡಿದು ಕೂರಲಿ, ಏರ್ ಹಾಕಿಗೆ ಮಾತ್ರ ಕರೆಯಿರಿ.

ಬಾಗಿಲು ಮತ್ತು ಕರೆಂಟು

2024ರ ಮೇ 25ರಂದು ಗುಜರಾತಿನ ರಾಜಕೋಟ್‌ನ ಗೇಮ್ ಝೋನ್‌ಗೆ ಬೆಂಕಿ ಬಿದ್ದು, ಮಕ್ಕಳೂ ಸೇರಿ 27 ಜನ ಸತ್ತರು. ತಗಡಿನ ಶೆಡ್, ನಡೆಯುತ್ತಿದ್ದ ವೆಲ್ಡಿಂಗ್, ಸುಡುವ ಸಾಮಗ್ರಿಯ ರಾಶಿ, ಅಗ್ನಿಶಾಮಕ ಇಲಾಖೆಯ ಅನುಮತಿ ಇಲ್ಲದಿದ್ದುದು, ಎಲ್ಲವೂ ಒಂದೇ ಜಾಗದಲ್ಲಿ ಸೇರಿದ್ದವು. ಕಾರ್ಡ್ ಕೊಳ್ಳುವ ಮೊದಲು ಎರಡು ನಿಮಿಷ ಇದಕ್ಕೆ ಕೊಡಿ. ಬಂದ ಬಾಗಿಲಲ್ಲದೆ ಇನ್ನೊಂದು ಹೊರದಾರಿ ಇದೆಯೇ? ಅದಕ್ಕೆ ಬೀಗ ಹಾಕಿದೆಯೇ, ಕೆಟ್ಟ ಮೆಷಿನ್, ರಟ್ಟಿನ ಪೆಟ್ಟಿಗೆ ಅಡ್ಡ ಇಟ್ಟಿದೆಯೇ? ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ? ಒಳಗೆ ಎಲ್ಲಾದರೂ ವೆಲ್ಡಿಂಗ್ ಕೆಲಸ ನಡೆದಿದ್ದರೆ ಅಥವಾ ಎರಡನೇ ದಾರಿ ಕಾಣದಿದ್ದರೆ ಮಕ್ಕಳು ಎಷ್ಟೇ ಅತ್ತರೂ ತಿರುಗಿ ಬನ್ನಿ.

ಗಾಳಿ ಮಳೆಗೆ ಮರ ಬಿದ್ದು ಮೆಸ್ಕಾಂ ಲೈನ್ ಹೋಗುವುದು ಇಲ್ಲಿ ಮಳೆಗಾಲದ ಮಾಮೂಲು. ಜನರೇಟರ್ ಹಿಡಿಯುವ ಆ ಕೆಲವೇ ಸೆಕೆಂಡಿನಲ್ಲಿ ಆಟ ಅಳಿಸಿಹೋಗಿ ಮೆಷಿನ್ ಹೊಸದಾಗಿ ಶುರುವಾಗುತ್ತದೆ, ಆದರೆ ಕಾರ್ಡಿನಿಂದ ದುಡ್ಡು ಕಡಿತವಾಗಿಯೇ ಇರುತ್ತದೆ. ಅಲ್ಲೇ ನಿಂತು ಮೆಷಿನ್‌ನ ಹೆಸರು, ಕೊನೆಯ ಬ್ಯಾಲೆನ್ಸ್ ಕಾಣುವ ರೀಡರ್‌ನ ಫೋಟೊ ತೆಗೆದು ಕೌಂಟರಿಗೆ ಹೋಗಿ. ಕಂಪ್ಯೂಟರಿನಲ್ಲಿ ಎಷ್ಟು ಹೊತ್ತಿಗೆ ಕಡಿತವಾಯಿತೆಂದು ಸಿಗುವುದರಿಂದ ಅದೇ ಹೊತ್ತಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಪಾಯಿಂಟ್ ಮರಳಿಸುತ್ತಾರೆ. ಒಂದು ಗಂಟೆ ಬಿಟ್ಟು ಕೇಳಿದರೆ ವಾದವಾಗುತ್ತದೆ. ಡ್ಯಾಶಿಂಗ್ ಕಾರಿನಲ್ಲಿದ್ದಾಗ ಕರೆಂಟು ಹೋದರೆ ಇಳಿದು ಓಡಬೇಡಿ, ಮರಳಿ ಬಂದ ಕ್ಷಣ ಎಲ್ಲ ಕಾರುಗಳೂ ಒಟ್ಟಿಗೆ ಚಲಿಸಬಹುದು.

ಹೊರಡಲು ಹತ್ತು ನಿಮಿಷವಿರುವಾಗ ಬ್ಯಾಲೆನ್ಸ್ ನೋಡಿ. ಯಾವ ಮೆಷಿನ್‌ಗೂ ಸಾಲದಷ್ಟು ಉಳಿದಿದ್ದರೆ ಅದಕ್ಕಾಗಿ ಮತ್ತೆ ರೀಚಾರ್ಜ್ ಮಾಡಬೇಡಿ. ಎರಡು ಕಾರ್ಡಿನ ಚಿಲ್ಲರೆಯನ್ನು ಒಂದಕ್ಕೆ ವರ್ಗಾಯಿಸಿ ಕೊಡುತ್ತಾರೆಯೇ ಕೇಳಿ, ಕೊಟ್ಟರೆ ಕೊನೆಯದಾಗಿ ಒಂದು ಏರ್ ಹಾಕಿ. ಕಾರ್ಡ್ ಠೇವಣಿ ವಾಪಸ್ ಬರುವುದಾದರೆ ರಸೀದಿ ಬೇಕಾಗುತ್ತದೆ, ಆದ್ದರಿಂದ ಮೊದಲ ರಸೀದಿಯನ್ನು ಒದ್ದೆ ಕೊಡೆಯ ಜೊತೆ ಚೀಲಕ್ಕೆ ತುರುಕದೆ ಪರ್ಸಿನಲ್ಲಿಟ್ಟಿರಿ.